ಅಪ್ಪನ ಕ್ಯಾಸೆಟ್ ಅಳಿಸಿದವರು

“ಇದೂ ಹೋಯ್ತು,” ಎಂದರು ಅಪ್ಪ. ಕ್ಯಾಸೆಟ್ ತಿರುಗುತ್ತಿತ್ತು; ಹಾಡಿಲ್ಲ, ಬರೀ ಬುಸ್ ಎನ್ನುವ ಸದ್ದು. “ಹದಿನಾಲ್ಕನೇದು. ಮನೆಯೊಳಗೇ ಯಾರೋ ಅಳಿಸ್ತಿದ್ದಾರೆ ಕಣೇ.”

ಆಸ್ಪತ್ರೆಯ ಪಾಳಿ ಮುಗಿಸಿ ಬಂದ ಮಗಳಿಗೆ ಚಪ್ಪಲಿ ಬಿಡುವಷ್ಟೂ ತ್ರಾಣವಿರಲಿಲ್ಲ. ಮನೆಯಲ್ಲಿರುವುದೇ ಮೂರು ಜನ. ಕಳ್ಳರನ್ನು ಹಿಡಿಯಲು ಪತ್ತೇದಾರನೇನೂ ಬೇಕಿರಲಿಲ್ಲ.

ಮೂವತ್ತು ವರ್ಷ ರೆಕಾರ್ಡಿಂಗ್ ಅಂಗಡಿ ನಡೆಸಿದ ಮನುಷ್ಯ. ಕಂಡವರಿಗೆಲ್ಲ ಹಾಡು ತುಂಬಿಕೊಟ್ಟು ತನಗೆಂದು ಉಳಿಸಿಕೊಂಡದ್ದು ಇನ್ನೂರು ಕ್ಯಾಸೆಟ್. ಗೆಳೆಯರು ಅಂಗಡಿಯಲ್ಲೇ ಕೂತು ಹಾಡಿದಂಥವು. ಬೇರೆಲ್ಲೂ ಪ್ರತಿಯಿಲ್ಲ, ಹಾಡಿದವರೂ ಬಹುಪಾಲು ಈಗಿಲ್ಲ. ಯಾರೂ ಅವುಗಳ ಮೇಲೆ ಮತ್ತೇನನ್ನೂ ತುಂಬಬಾರದೆಂದು ಒಂದೊಂದರ ಬೆನ್ನಿನ ಪ್ಲಾಸ್ಟಿಕ್ ಚೂರನ್ನೂ ಅವರೇ ಮುರಿದಿಟ್ಟಿದ್ದರು. ಹಳೇ ಟೇಪು ಕೈಕೊಡುವ ಮೊದಲು ಹೊಸದಕ್ಕೆ ಇಳಿಸಿಡಬೇಕೆಂದು ಈಗ ದಿನಾ ಬೆಳಿಗ್ಗೆ, ಒಂದು ಕಡೆ ಹಾಡಿಸಿ ಇನ್ನೊಂದು ಕಡೆ ತುಂಬುವ ಜೋಡಿ ಡೆಕ್ಕಿನ ಮುಂದೆ ಕೂರುತ್ತಿದ್ದರು.

“ಮಷೀನೂ ಮೊಂಡು ಬಿದ್ದಿದೆ. ಕ್ಯಾಸೆಟ್ ಬೆನ್ನಿಗೆ ಗಮ್ ಟೇಪ್ ಅಂಟಿಸಿದ್ರೇನೇ ರೆಕಾರ್ಡ್ ಗುಂಡಿ ಕೂರೋದು,” ಎಂದು ಗೊಣಗಿ, ದನಿ ತಗ್ಗಿಸಿದರು. “ನಿಮ್ಮಮ್ಮನ ಮೇಲೆ ಒಂದು ಕಣ್ಣಿಡು. ಇದನ್ನೆಲ್ಲ ಕಂಡ್ರೆ ಅವಳಿಗೆ ಮೊದಲಿಂದ್ಲೂ ಆಗಲ್ಲ.”

ಮಗಳು ಹೋಗಿ ವಿಷಯ ತೆಗೆದರೆ, ಅಮ್ಮ ಬಟ್ಟೆ ಮಡಚುವುದನ್ನು ನಿಲ್ಲಿಸಲೂ ಇಲ್ಲ. “ಹೌದಾ,” ಎಂದಳು, ಅಷ್ಟೆ. ಇವರಿಬ್ಬರ ನಡುವೆ ತನ್ನ ತಲೆ ಸಿಡಿಯುವುದೊಂದು ಬಾಕಿ ಎನ್ನಿಸಿತು ಮಗಳಿಗೆ.

ಮರುದಿನ ರಜೆ. ಮಧ್ಯಾಹ್ನ ಅಪ್ಪ ಗೊರಕೆ ಹೊಡೆಯುತ್ತಿದ್ದರು. ಬಾಗಿಲ ಮರೆಯಿಂದ ಮಗಳು ನೋಡುತ್ತಿದ್ದಂತೆ ಅಮ್ಮ ಮೆಲ್ಲಗೆ ಕ್ಯಾಸೆಟ್ಟಿನ ಕಪಾಟು ತೆರೆದಳು. ಎರಡು ಕ್ಯಾಸೆಟ್ ಸೆರಗಿನೊಳಗೆ ಮರೆಮಾಡಿದಳು. ಅವೇ ಹೆಸರು ಬರೆದು, ಹಾಗೇ ಚೂರು ಮುರಿದ ಬೇರೆ ಎರಡನ್ನು ಆ ಜಾಗದಲ್ಲಿಟ್ಟಳು. ಮಗಳ ಮೈಯೆಲ್ಲ ಉರಿದುಹೋಯಿತು. ಹಿಂದೆಯೇ ಹೋಗಿ ಹೊಲಿಗೆ ಯಂತ್ರದ ಡ್ರಾಯರ್ ಎಳೆದಳು. ಒಳಗೆ ಕ್ಯಾಸೆಟ್ಟುಗಳ ಸಾಲು.

“ನೀನಾ ಅಮ್ಮ? ಅವರ ಜೀವ ಕಣಮ್ಮ ಇದು.”

ಅಮ್ಮ ಸ್ಟೂಲು ಎಳೆದು ಕೂತಳು. “ಯಾವುದಾದ್ರೂ ಒಂದು ಹಾಕಿ ಕೇಳು.”

ಮಗಳು, ನಿನ್ನೆ ಅಪ್ಪ ‘ಹೋಯ್ತು’ ಎಂದ ಹೆಸರಿನದನ್ನೇ ಹುಡುಕಿ ಸಣ್ಣ ಪ್ಲೇಯರಿಗೆ ಹಾಕಿದಳು. ಹಾಡು ಬಂತು. ಒಂದು ಸ್ವರವೂ ಅಳಿಸಿರಲಿಲ್ಲ.

“ಮೊದಲ ಮೂರು ಹೋದ್ಮೇಲೆ ಕಣ್ಣಾರೆ ನೋಡಿದೆ. ಹಾಡಿರೋದನ್ನ ರೆಕಾರ್ಡ್ ಮಾಡೋ ಕಡೆ ಹಾಕಿ, ಅದರ ಮೇಲೆ ಖಾಲಿ ಕ್ಯಾಸೆಟ್ ಇಳಿಸ್ತಿದ್ದಾರೆ ನಿಮ್ಮಪ್ಪ. ಅದಕ್ಕೇ ಅವರು ಕೈ ಹಾಕೋ ಮೊದ್ಲೇ ಅಸಲಿದನ್ನ ಇಲ್ಲಿಟ್ಟು, ಖಾಲಿದನ್ನ ಅಲ್ಲಿಡ್ತೀನಿ. ಮೂವತ್ತು ವರ್ಷ ಮಾಡಿದ ಕೆಲಸ ಮರೆತುಹೋಗ್ತಿದೆ ಅಂತ ಅವರಿಗೆ ಯಾವ ಬಾಯಲ್ಲಿ ಹೇಳ್ಲಿ? ನಾನೇ ಕಳ್ಳಿ ಅಂದ್ಕೊಂಡಿರ್ಲಿ ಬಿಡು.”