ಏಟು ತಿನ್ನುವ ಕೆಲಸ

ಈ ಸಲವೂ ತನಗೆ ನಗು ಬಾರದಿದ್ದರೆ ಅಪ್ಪ ಮತ್ತೆ ಹೊಡೆದುಕೊಳ್ಳುತ್ತಾನಲ್ಲ ಎಂಬುದೇ ಅವಳ ಭಯ. ಗಾಜಿನಾಚೆ ಡಬ್ಬಿಂಗ್ ಮೈಕಿನ ಮುಂದೆ ನಿಂತಿದ್ದ ಹಾಸ್ಯನಟ ಅಪ್ಪ, ಪರದೆಯ ಮೇಲೆ ನಾಯಕ ತನಗೆ ಬಾರಿಸುವ ಹೊತ್ತಿಗೆ ಸರಿಯಾಗಿ ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡು "ಅಯ್ಯಯ್ಯೋ!" ಎಂದು ಕೂಗುತ್ತಿದ್ದ. ಇಷ್ಟು ವರ್ಷ ಅವರ ಮನೆ ನಡೆದದ್ದೇ ಆ ಕೂಗಿನಿಂದ.

"ಸೂಪರ್ ಅಣ್ಣಾ, ಸಾಕು!" ಅವಳ ಪಕ್ಕದಲ್ಲಿ ಕೂತಿದ್ದ ಸೌಂಡ್ ಇಂಜಿನಿಯರ್ ಬಿದ್ದು ಬಿದ್ದು ನಕ್ಕ.

"ನೀನು ಬಿಡಪ್ಪಾ, ಸತ್ತೋರ ಮನೇಲೂ ಹಲ್ಲು ಕಿಸೀತೀಯ. ನಮ್ಮ ಪುಟ್ಟಿ ನಕ್ಲಾ?"

ಅವಳು ತುಟಿ ಅಗಲಿಸಿದಳು. ಅದು ಸುಳ್ಳು ನಗು ಎಂದು ಅಪ್ಪನಿಗೆ ತಿಳಿದುಹೋಯಿತು. ಊದಿಕೊಂಡ ಕೆನ್ನೆಯತ್ತ ಮತ್ತೆ ಕೈ ಎತ್ತಿದ. ಅವಳು ಧಡಕ್ಕನೆ ಎದ್ದು ಗಾಜಿನಾಚೆಗೆ ಕೇಳಿಸುವ ಇಂಜಿನಿಯರನ ಮೈಕಿನ ಗುಂಡಿ ಒತ್ತಿದಳು.

"ಅಪ್ಪಾ, ನೀನು ಏಟು ತಿನ್ನೋದು ನೋಡಿ ನಂಗೆ ಯಾವತ್ತೂ ನಗು ಬಂದಿಲ್ಲ."