ಕೋವಿಯ ಎಡಮಗ್ಗುಲು

ರಾಜ್ಯಗಳು ಏಳುವ, ಬೀಳುವ ಪ್ರಶ್ನೆಗಳು ಲೋಕದಲ್ಲಿ ಹಲವಿವೆ. ಆ ಮನೆಯಲ್ಲಿ ಆ ಬೆಳಿಗ್ಗೆ ಎದ್ದ ಪ್ರಶ್ನೆ ಅವುಗಳಲ್ಲಿ ಯಾವುದಕ್ಕೂ ಕಡಿಮೆಯದಾಗಿರಲಿಲ್ಲ: ಮೊಲದ ಮುಖ ಯಾವ ಕಡೆಗಿರಬೇಕು?

ಪ್ರಶ್ನೆ ಎತ್ತಿದವರು ಅತ್ತೆ. ಮೂಳೆ ಬೇಯಿಸಲೆಂದು ಸೊಸೆ ಒಯ್ದಿದ್ದ ದೊಡ್ಡ ಪಾತ್ರೆಯನ್ನು ಹುಡುಕಿಕೊಂಡು ಮಾವನ ಕೆಲಸದ ಕೋಣೆಗೆ ಬಂದವರು, ಮೇಜಿನ ಮೇಲೆ ಮಲಗಿದ್ದ ಬತ್ತಿ ಕೋವಿಯನ್ನು ಕಂಡು ನಿಂತರು. ಚೆನ್ನಾಗಿಯೇ ಇತ್ತು. ಉದ್ದನೆಯ ಕಬ್ಬಿಣದ ನಳಿಗೆ, ಉರಿಯುವ ಬತ್ತಿಯನ್ನು ಕಚ್ಚಿ ಹಿಡಿಯಲು ಹಾವಿನ ಹೆಡೆಯಂಥ ಹಿತ್ತಾಳೆಯ ಕೊಕ್ಕೆ, ಕಪ್ಪು ಮರದ ಹಿಡಿ, ಆ ಮರದೊಳಗೆ ಕೂರಿಸಿದ ಬಿಳಿ ಮೂಳೆಯ ಚಿತ್ರಗಳು: ಮುಂದೆ ಜಿಂಕೆ, ಹಿಂದೆ ಮೊಲ, ಅದರ ಹಿಂದೆ ನಾಯಿ. ಅತ್ತೆ ಅದನ್ನು ಲಟ್ಟಣಿಗೆಯಂತೆ ಎತ್ತಿ ಮಗ್ಗುಲು ಬದಲಾಯಿಸಿದರು.

"ಇದೇನ್ರೀ ಇದು? ಆ ಕಡೆ ಮೂರೂ ಕೋವಿ ಬಾಯಿ ಕಡೆ ಓಡ್ತಾ ಇವೆ. ಈ ಕಡೆ ನೋಡಿದ್ರೆ ಹೊಡೆಯೋನ ಮೇಲೇ ನುಗ್ತಾ ಇವೆ!"

ಊರಿನ ಅರ್ಧ ಬಾಗಿಲುಗಳಿಗೆ ಎಡ ಯಾವುದು, ಬಲ ಯಾವುದು ಎಂದು ಕಲಿಸಿದ್ದ ಬಡಗಿ ಮಾವ ಇಂಗು ತಿಂದ ಮಂಗನಂತಾದರು. ಚಿತ್ರದ ಕಾಗದವನ್ನು ಬಲಮಗ್ಗುಲಿಗೆ ಅಂಟಿಸಿದ ಹಾಗೆಯೇ, ಮಗುಚದೆ, ಎಡಮಗ್ಗುಲಿಗೂ ಅಂಟಿಸಿ ಗುಳಿ ತೋಡಿದ್ದರು. ಸೊಸೆಯೂ ಆ ಗುಳಿಗಳ ಅಳತೆಗೆ ಮೂಳೆ ಕತ್ತರಿಸಿ, ಕಣ್ಣು ಕಿವಿ ಗೀರಿ, ಮಸಿ ತುಂಬಿ, ಭದ್ರವಾಗಿ ಅಂಟಿಸಿದ್ದಳು. ಗುಂಡಿ ಕಾರ್ಖಾನೆಯಲ್ಲಿ ಪಳಗಿದ ಕೈ ಅದು. ಅಂಗಿಯ ಗುಂಡಿ ಎಡಕ್ಕೂ ಓಡುವುದಿಲ್ಲ, ಬಲಕ್ಕೂ ಓಡುವುದಿಲ್ಲ.

ಮೂಳೆಯ ಗುಂಡಿಗಳನ್ನು ಕೇಳುವವರಿಲ್ಲದೆ ಕಾರ್ಖಾನೆ ಮುಚ್ಚಿದಾಗ ಅವಳು ಗರಗಸವೊಂದನ್ನು ಹಿಡಿದು ಮನೆಗೆ ಬಂದಿದ್ದಳು. "ನನ್ನ ಮೇಜು ಒಬ್ಬನ ಅಳತೆಗೆ ಮಾಡಿದ್ದು ಕಣಮ್ಮ," ಎಂದಿದ್ದರು ಮಾವ. "ಈ ಕೋವಿ ಒಪ್ಪಿಗೆ ಆಗ್ಲಿ, ನಿಂಗೂ ಜಾಗ ಮಾಡೋಣ. ಆಗ್ಲಿಲ್ವಾ, ಗರಗಸ ಅಟ್ಟಕ್ಕೆ." ಅಲ್ಲಿಂದೀಚೆಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲೇ ಅವಳ ಮೇಜು. ಒಪ್ಪಬೇಕಾದವರು ವಸ್ತುಸಂಗ್ರಹಾಲಯದ ಮೇಲ್ವಿಚಾರಕರು. ಗಾಜಿನೊಳಗಿನ ಹಳೆಯ ಕೋವಿಯನ್ನು "ಮುಟ್ಟಬೇಡಿ" ಎಂದು ಹೇಳಿ ಹೇಳಿ ಗಂಟಲೊಣಗಿ, ಜನ ಮುಟ್ಟಲೆಂದೇ ಹಳೇ ಮಾದರಿಯ ಹೊಸದೊಂದನ್ನು ಮಾಡಿಸುತ್ತಿದ್ದರು. ನಳಿಗೆಗೆ ಬೆಣೆ ಹೊಡೆದು ಮುಚ್ಚಿಯಾಗಿತ್ತು. ಅದರಿಂದ ಗುಂಡಿರಲಿ, ಕೆಮ್ಮು ಕೂಡ ಹೊರಡುವಂತಿರಲಿಲ್ಲ. ಅವರು ನೋಡಲು ಬರುವುದು ಆ ಸಂಜೆಯೇ.

"ಕಿತ್ತು ಹಾಕ್ತೀನಿ." ಮಾವ ಉಳಿ ಎತ್ತಿದರು.

"ಬೇಡ ಮಾವ. ಕಿತ್ರೆ ಮೂಳೆ ಸೀಳುತ್ತೆ. ಜೊತೆಗೆ ಮರಾನೂ ಎದ್ದು ಬರುತ್ತೆ."

"ಮತ್ತೇನ್ ಮಾಡ್ಲಿ? ಜಿಂಕೆ ಕೊಂಬು ಬಂದು ಬೇಟೆಗಾರನ ಕೆನ್ನೆಗೆ ತಿವೀತಿದೆ. ಸ್ವಲ್ಪ ಕಣ್ಣು ಮುಚ್ಕೊಳ್ಳಪ್ಪ ಅನ್ನಲಾ?"

"ಒಳ್ಳೇದೇ ಆಯ್ತಲ್ಲ," ಎಂದರು ಅತ್ತೆ, ಪಾತ್ರೆಯ ತಳ ಮೂಸಿ ಮುಖ ಸಿಂಡರಿಸುತ್ತ. "ಕಾಡು ಅಲೆಯೋ ಕಷ್ಟ ತಪ್ತು. ಬೇಟೆನೇ ಮನೆ ಬಾಗಿಲಿಗೆ ಬಂತು."

ಸೊಸೆಗೆ ನಗು ಬರಲಿಲ್ಲ. ಅತ್ತೆಯ ಕುಹಕದೊಳಗಿನ ಒಂದು ಮಾತು ಅವಳ ಕಿವಿಗೆ ಸಿಕ್ಕಿಕೊಂಡಿತು. ಹಿಡಿಯ ಎಡಮಗ್ಗುಲಲ್ಲಿ, ಹೊಡೆಯುವವನ ಕೆನ್ನೆ ಒರಗುವಲ್ಲಿ, ಜಿಂಕೆಯ ಮೂಗಿನ ಮುಂದೆ, ಮೂರು ಬೆರಳಗಲದ ಖಾಲಿ ಮರವಿತ್ತು.

"ಇಲ್ಲೊಂದು ಬಾಗಿಲು ಕೂರಿಸೋಣ ಮಾವ. ತೆರೆದಿರೋ ಬಾಗಿಲು. ಆ ಕಡೆ ಇವು ಹೊರಗೆ ಓಡ್ತಾವೆ, ಈ ಕಡೆ ಮನೆಗೆ ಬರ್ತಾವೆ."

"ಜಿಂಕೆಗೆಂಥ ಮನೆ?"

"ನಾಯಿಗಿದೆಯಲ್ಲ. ಉಳಿದೆರಡೂ ನೆಂಟರು ಅನ್ಕೊಳ್ಳಿ."

"ನೆಂಟರು ಮುಂದೆ, ಮನೆಯವನು ಹಿಂದೆ," ಎಂದರು ಅತ್ತೆ. "ನಮ್ಮನೇಲೂ ಹಾಗೇ ತಾನೆ?"

ಮಾವ ಕೋವಿಯನ್ನೂ ಸೊಸೆಯನ್ನೂ ಒಂದೇ ಅನುಮಾನದಿಂದ ನೋಡಿದರು. ಆಮೇಲೆ ಕಿವಿಯ ಸಂದಿಯ ಪೆನ್ಸಿಲು ಕೆಳಗಿಳಿಯಿತು. "ಗೆರೆ ನಾನು ಹಾಕ್ತೀನಿ. ಬಾಗಿಲು ಅಂದ್ರೆ ಗುಂಡಿ ಕೊರೆದಂಗಲ್ಲ." ಹೆಬ್ಬೆಟ್ಟಿನಷ್ಟು ಬಾಗಿಲಿಗೆ ಚೌಕಟ್ಟು, ಹೊಸ್ತಿಲು, ಕೀಲು ಎಲ್ಲ ಬರೆದರು. ಅಗುಳಿ ಎಲ್ಲಿ ಎಂದು ಅತ್ತೆ ಕೇಳಿದ್ದಕ್ಕೆ, ಒಳಗಡೆ ಇದೆ, ಕಾಣಲ್ಲ ಎಂದರು.

ಸಂಜೆಯೊಳಗೆ ಮುಗಿಯಬೇಕು, ಹಿತ್ತಲಿಗೂ ಕೋಣೆಗೂ ಓಡಾಡಲು ಪುರುಸೊತ್ತಿಲ್ಲ. ಸೊಸೆ ಮೇಜಿನ ಮೂಲೆಯಲ್ಲೇ ನಿಂತು ಮೂಳೆ ಕತ್ತರಿಸಿದಳು, ಮಾವ ಪಕ್ಕದಲ್ಲೇ ಗುಳಿ ತೋಡಿದರು. ಮೊಣಕೈಗೆ ಮೊಣಕೈ ಬಡಿಯಿತು. "ಆ ಕಡೆ ಸರಿ," ಎಂದರು ಮಾವ. "ಆ ಕಡೆ ಗೋಡೆ ಮಾವ," ಎಂದಳು ಸೊಸೆ. ಮಾವ ತಾವೇ ಸರಿದರು.

ಮೇಲ್ವಿಚಾರಕರು ಬಂದರು. ಬಲಮಗ್ಗುಲನ್ನು ನೋಡಿ ತಲೆದೂಗಿದರು. ಎಡಮಗ್ಗುಲಿಗೆ ತಿರುಗಿಸಿ, ಕನ್ನಡಕ ಒರೆಸಿಕೊಂಡು, ಬಹಳ ಹೊತ್ತು ನೋಡಿದರು.

"ಇವು ಎಲ್ಲಿಗೆ ಓಡ್ತಾ ಇವೆ?"

ಮಾವ ಕೆಮ್ಮಿದರು. "ಅವಳನ್ನ ಕೇಳಿ ಸಾರ್. ಮೂಳೆ ವ್ಯವಹಾರ ಅವಳದು."

"ಮನೆಗೆ ಸಾರ್," ಎಂದಳು ಸೊಸೆ.

ಅವರು ಬಾಗಿಲಿನ ಮೇಲೆ ಹೆಬ್ಬೆರಳಾಡಿಸಿದರು. ತೆಗೆದು, ಮತ್ತೆ ಆಡಿಸಿದರು. "ಜನ ಮೊದಲು ಕೈ ಹಾಕೋದೇ ಇಲ್ಲಿ. ಬೇಗ ಸವೆದುಹೋಗುತ್ತೆ. ಆಗ ಇನ್ನೊಂದು ಮಾಡಿಕೊಡೋಕೆ ಇರ್ತೀರಾ?"

"ನನ್ನ ಬಿಡಿ, ವಯಸ್ಸಾಯ್ತು," ಎಂದರು ಮಾವ. "ಇವಳು ಇರ್ತಾಳೆ."

ಮಾರನೆಯ ಬೆಳಿಗ್ಗೆ ಮಾವ ಮೇಜಿಗೆ ಎರಡು ಹಲಗೆ ಸೇರಿಸಿ ಉದ್ದ ಮಾಡಿದರು.