ಉಸಿರಿನ ಅಳತೆ

“ಕಿತ್ತೂರ ಉತ್ಸವಕ್ಕ ಒಂದ ದಿನಾ ಹೋಗಾಕ ಆಗತೈತಿ, ಶಟ್ಟೆಪ್ಪಣ್ಣ. ಯಾವ ಬ್ಯಾಂಡ್ ಕೇಳಬೇಕು, ಹೇಳ್ರಿ,” ಎಂದು ಶೈಲಜಾ ಟೀಚರು ಹೊಲಿಸಿದ ಜಂಪರನ್ನು ಚೀಲಕ್ಕೆ ಹಾಕಿಕೊಂಡರು.

ಬೈಲಹೊಂಗಲದಲ್ಲಿ ಈ ಮಾತು ಕೇಳಲು ಶಟ್ಟೆಪ್ಪನಿಗಿಂತ ಸರಿಯಾದ ಆಸಾಮಿ ಇರಲಿಲ್ಲ. ಸುತ್ತಲಿನ ಬ್ಯಾಂಡ್ ಕಂಪನಿಗಳ ಕೆಂಪು ಕೋಟುಗಳೆಲ್ಲ ಅವನ ಹೊಲಿಗೆ ಮಷೀನಿನಿಂದಲೇ ಎದ್ದು ಹೋಗುತ್ತಿದ್ದವು.

“ಯರಗಟ್ಟಿ ಹುಡುಗರನ್ನ ಬಿಡಬ್ಯಾಡ್ರಿ ಅಕ್ಕಾರ. ಹೊಸಾ ಕಂಪನಿ. ಬಾಳು ಅಂತ ಒಬ್ಬಾಂವ ಟ್ರಂಪೆಟ್ ಊದತಾನ, ಅವನ್ನ ಕೇಳೇ ಬರ್ರಿ. ಡ್ರಮ್ಮಿಗೆ ಸಿರಸಂಗಿಯವರು. ಅಳತಿ ಕೊಡೂ ಮುಂದ ಸುದ್ದಾ ಅವರ ಕೈ ನಿಲ್ಲೂದಿಲ್ಲ, ನನ್ನ ಟೇಬಲ್ ಬಾರಿಸಿ ಬಾರಿಸಿ ಹಾಳ ಮಾಡ್ಯಾರ. ರಾಮದುರ್ಗದವರಿಗೆ ಬರೇ ಗುಂಡಿ ಹೊಳೀಬೇಕು. ಅವರು ಬಂದಾಗ ನೀವು ಭಜಿ ತಿಂದು ಬರ್ರಿ.”

“ನೀವು ಇವರನ್ನೆಲ್ಲ ಯಾವಾಗ ಕೇಳಿದ್ರಿ?”

“ಕೇಳಿಲ್ರಿ. ಎದಿ ಅಳತಿ ತಗೊಂಡೇನಿ.”

ಊದುವವರ ಅಳತೆಯನ್ನು ಅವನು ತೆಗೆಯುವ ಬಗೆಯೇ ಬೇರೆ. ಎದೆತುಂಬ ಉಸಿರು ಎಳೆದುಕೊಳ್ಳಲು ಹೇಳಿ, ಟೇಪು ಹಿಡಿದು ಕಾಯುತ್ತಿದ್ದ. ಹಾಗೆ ಮಾಡದಿದ್ದರೆ ಮೊದಲ ಹಾಡಿಗೇ ಗುಂಡಿ ಹಾರಿಹೋಗುತ್ತದೆ. ಬಾಳು ಉಸಿರು ಎಳೆದಾಗ ಟೇಪು ಮೂರು ಇಂಚು ಸರಿದಿತ್ತು. ಆ ಹುಡುಗನನ್ನು ಕಂಡು ಅವನಿಗೆ ಹೊಟ್ಟೆಕಿಚ್ಚಾಗಿತ್ತು.

“ನೀವೂ ಬರ್ರಲ್ಲ,” ಎಂದರು ಟೀಚರು. ಶಟ್ಟೆಪ್ಪ ಕತ್ತರಿ ಹುಡುಕುವ ನೆಪ ಮಾಡಿದ. ಪಕ್ಕದಲ್ಲಿ ಹೆಂಡತಿ ಸೀತವ್ವ ಗುಂಡಿ ಹಚ್ಚುತ್ತ ಕುಳಿತಿದ್ದಳು. ಮದುವೆಗೆ ಮೊದಲು ಅವನೂ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವನೇ. ಮಂದಿಯ ಮದುವೆಯಲ್ಲಿ ಊದುತ್ತ ತಿರುಗುವವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಸೀತವ್ವನ ಅಪ್ಪ ಹಟ ಹಿಡಿದಿದ್ದರಿಂದ, ಕ್ಲಾರಿನೆಟ್ಟನ್ನು ಗೆಳೆಯನ ಕೈಗೆ ಕೊಟ್ಟು ಬಂದಿದ್ದ. ಅಂದಿನಿಂದ ಮೆರವಣಿಗೆ ಬಂದರೆ ಬೇರೆ ಓಣಿ ಹಿಡಿಯುತ್ತಿದ್ದ. ಸಿಟ್ಟಿನಿಂದಲ್ಲ. ಒಮ್ಮೆ ನಿಂತು ಕೇಳಿದರೆ ತಿರುಗಿ ಮನೆಗೆ ಬರಲಾದೀತೇ ಎಂಬ ಭಯ.

“ಆ ಕೋಟು ಯಾರದ್ರಿ? ಯಾರೂ ಒಯ್ದಿಲ್ಲಲ್ಲ?” ಟೀಚರು ಮೊಳೆಗೆ ತೂಗುತ್ತಿದ್ದ ಕೋಟನ್ನು ತೋರಿಸಿದರು.

“ಬಟ್ಟಿ ಉಳಿದಿತ್ರಿ.”

ಅವರು ಹೋದ ಮೇಲೆ ಸೀತವ್ವ ಎದ್ದು ಕೋಟನ್ನು ಇಳಿಸಿದಳು. “ವರ್ಷಾ ಬಟ್ಟಿ ಉಳೀತೈತಿ, ವರ್ಷಾ ನಿಮ್ಮ ಅಳತಿಗೇ ಉಳೀತೈತಿ. ಹಾಕ್ಕೋರಿ.”

ಹಾಕಿಕೊಂಡ. ಎದೆಯ ಹತ್ತಿರ ಕೋಟು ಸಡಿಲಾಗಿ ಜೋತುಬಿತ್ತು. “ಹಳೇ ಅಳತಿ. ಈಗ ಆಗೂದಿಲ್ಲ,” ಎಂದು ಬಿಚ್ಚಲು ಹೋದ.

“ತಡೀರಿ. ಎಲ್ಲಾರಿಗೂ ಹೇಳ್ತೀರಲ್ಲ, ಹಂಗ ಉಸುರು ತುಂಬಕೋರಿ.” ಅವನ ಕೊರಳಿನ ಟೇಪನ್ನು ತೆಗೆದು ಎದೆಗೆ ಸುತ್ತಿದಳು.

ಶಟ್ಟೆಪ್ಪ ಕಣ್ಣು ಮುಚ್ಚಿ ಉಸಿರೆಳೆದ. ಕೋಟು ತುಂಬಿ ನಿಂತಿತು. ಸೀತವ್ವನ ಬೆರಳಿನಲ್ಲಿ ಟೇಪು ಒಂದು ಇಂಚು ಸರಿಯಿತು, ಎರಡು ಸರಿಯಿತು, ಮೂರೂ ದಾಟಿತು.

“ಇಷ್ಟು ಉಸುರು ಒಳಗ ಇಟಗೊಂಡು,” ಎಂದಳು ಅವಳು ಮೆಲ್ಲಗೆ, “ಇಪ್ಪತ್ತು ವರ್ಷ ಹೆಂಗ ಇದ್ರಿ?”